ಅಲೆ ಮತ್ತು ತೆರೆ

ಭೈರುಂಬೆ ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಘಟ್ಟದ ಮೇಲಿನ ಈ ಅಡಕೆ ತೋಟಗಳ ಸೀಮೆಗೆ ಕಡಲು ಕಾಣಿಸದು; ಅದನ್ನು ನೋಡಲು ಕುಮಟೆಯ ಕಡೆಗೆ ಇಳಿಯಬೇಕು. ಆದರೆ ಅಲೆಯ ಗುಣವನ್ನರಿಯಲು ಕೆರೆಯೊಂದಿದ್ದರೆ ಸಾಕು. ನಿಂತ ನೀರಿಗೆ ಅಡಕೆಯೊಂದು ಬಿದ್ದೊಡನೆ ಬಳೆಬಳೆಯಾಗಿ ಅಲೆಗಳೆದ್ದು ದಡದತ್ತ ಸಾಗುತ್ತವೆ. ತೇಲುವ ಒಣ ಎಲೆಯಾದರೋ ಬಹುಮಟ್ಟಿಗೆ ಇದ್ದಲ್ಲಿಯೇ ಏರಿಳಿಯುತ್ತದೆ. ಸಾಗಿದುದು ನೀರಲ್ಲ, ನೀರಿನ ಅಲುಗಾಟ. ವಿಜ್ಞಾನಿಗಳು ಇದನ್ನೇ ತರಂಗವೆನ್ನುತ್ತಾರೆ. ಶಬ್ದತರಂಗಕ್ಕೆ ಗಾಳಿಯಂಥ ಮಾಧ್ಯಮ ಬೇಕು. ಬೆಳಕಿಗೂ ರೇಡಿಯೋ ತರಂಗಕ್ಕೂ ಅದು ಬೇಡ.

ನೀರಿಲ್ಲದೆಡೆಯಲ್ಲಿಯೂ ಈ ಪದ ಸಲ್ಲುತ್ತದೆ. 2021ರಲ್ಲಿ ಕೊರೋನಾ ಸೋಂಕಿನ 'ಎರಡನೆಯ ಅಲೆ' ಎಂಬ ಮಾತು ಮನೆಮನೆಯಲ್ಲಿ ಕೇಳಿಬಂದಿತು. ಹಿಂದಿನ ವರ್ಷದ ಕೊನೆಗೆ ಸೋಂಕು ತಗ್ಗಿದಾಗ ಪಿಡುಗು ಮುಗಿಯಿತೆಂದು ನಂಬಿದವರು ಅನೇಕರು. ಇಳಿದುದು ಮತ್ತೆ ಏರಬಹುದೆಂಬ ಎಚ್ಚರಿಕೆ ಅಲೆಯೆಂಬ ಹೆಸರಿನಲ್ಲಿಯೇ ಅಡಗಿತ್ತು.

ಇಂಗ್ಲಿಷಿನ 'ವೇವ್' ಇಷ್ಟಕ್ಕೇ ನಿಲ್ಲದು. ಕೈ ಬೀಸುವುದು, ಬಾವುಟ ಹಾರಾಡುವುದು, ಕೂದಲಿನ ಸುರುಳಿ, ಎಲ್ಲಕ್ಕೂ ಅದೊಂದೇ ಪದ. ಕನ್ನಡಿಗರು ಬೀಳ್ಕೊಡುವಾಗ ಕೈ ಬೀಸುತ್ತಾರೆಯೇ ಹೊರತು ಅಲೆಸುವುದಿಲ್ಲ. ಅಲೆಸುವುದು ಬೇರೆ: ಬಡವನನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದುಂಟು! ನೆಲೆಯಿಲ್ಲದೆ ತಿರುಗುವವನು ಅಲೆಮಾರಿ.

ಹೀಗೆಂದು ಕನ್ನಡದಲ್ಲಿ ಹಲವು ಅರ್ಥಗಳ ಪದವಿಲ್ಲವೆಂದಲ್ಲ. 'ತೆರೆ'ಯನ್ನೇ ನೋಡಿರಿ. ಅದು ಕಡಲ ಅಲೆ, ಮುಪ್ಪಿನ ಮುಖದ ಸುಕ್ಕು, 'ನರೆತೆರೆ' ಎಂಬಲ್ಲಿಯಂತೆ, ರಂಗದ ಪರದೆ. 'ಬಾಗಿಲು ತೆರೆ' ಎಂಬಲ್ಲಿ ಕ್ರಿಯಾಪದ. ತೆರೆಯುವುದರಿಂದಲೇ ಪರದೆಗೆ ತೆರೆಯೆಂಬ ಹೆಸರು ಬಂದಿತೆಂದು ಯಾರಿಗಾದರೂ ತೋರೀತು. ಅದು ಸರಿಯಲ್ಲ. ಹಳಗನ್ನಡದಲ್ಲಿ ಅಲೆ, ಸುಕ್ಕು, ಪರದೆಗಳ 'ತೆರೆ'ಗೆ ಸಾಮಾನ್ಯ ರಕಾರ. ಬಿಚ್ಚು ಎಂಬರ್ಥದ 'ತೆಱೆ'ಗೆ ಶಕಟರೇಫ. ಕಪ್ಪವೆಂಬರ್ಥದ 'ತೆಱೆ'ಗೂ ಶಕಟರೇಫವೇ. ಇಂದಿನ ತೆರಿಗೆ ಅದರ ಬಳಗದ್ದು. ಆ ಅಕ್ಷರವು ಬಳಕೆ ತಪ್ಪಿದ ಮೇಲೆ ಬೇರೆ ಬೇರೆ ಪದಗಳು ಒಂದೇ ರೂಪ ತಾಳಿದುವು. ತಮಿಳು ಈ ಭೇದವನ್ನು ಬರಹದಲ್ಲಿ ಇಂದಿಗೂ ಉಳಿಸಿಕೊಂಡಿದೆ. ಅಲ್ಲಿಯೂ 'ತಿರೈ' ಎಂದರೆ ಅಲೆ, ಪರದೆ ಎರಡೂ ಹೌದು.

ಅಲೆಗೂ ಪರದೆಗೂ ಏನು ನಂಟು? ಶಿರಸಿ, ಸಿದ್ದಾಪುರಗಳ ಕಡೆಯ ಯಕ್ಷಗಾನವನ್ನು ಕಂಡವರಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಒಡ್ಡೋಲಗದ ಹೊತ್ತಿಗೆ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಅದರ ಮರೆಯಲ್ಲಿ ಪಾತ್ರವು ಕುಣಿದಂತೆಲ್ಲ ಬಟ್ಟೆ ಮಡಿಕೆಮಡಿಕೆಯಾಗಿ ಏರಿಳಿಯುತ್ತದೆ. ಕಿರೀಟದ ತುದಿ ಒಮ್ಮೆ ಮೇಲೆ ಕಂಡು ಮತ್ತೆ ಮುಳುಗುತ್ತದೆ.