ಈ ಸಲ ನೀವೂ ಗುಡ್ಡ ಹತ್ತಿ

ಹುಬ್ಬಳ್ಳಿ-ಧಾರವಾಡದ ಮನೆಗಳಿಂದ ಕಾರವಾರಕ್ಕೆ ಪ್ರವಾಸ ಹೊರಟಾಗ ಗುಡ್ಡದ ಬುಡದಲ್ಲಿ ಒಂದು ಗುಂಪು ಉಳಿದುಬಿಡುವುದನ್ನು ನೀವು ಗಮನಿಸಿರಬಹುದು. ಮಕ್ಕಳು, ಗಂಡಸರು ಮೇಲೆ. ಅಮ್ಮಿ, ಖಾಲಾ, ಅತ್ತೆ ಕೆಳಗೆ, ಬಿರಿಯಾನಿ ಡಬ್ಬಿಗಳ ಕಾವಲಿಗೆ! ಕೇಳಿದರೆ, "ನಮ್ಮ ಮೊಣಕಾಲು ಎಲ್ಲಿ ಕೇಳುತ್ತದೆ?" ಎಂಬ ಉತ್ತರ ಸಿದ್ಧ. ಈ ಸಲ ಡಬ್ಬಿಗಳು ವಾಹನದಲ್ಲೇ ಇರಲಿ, ನೀವೂ ಹತ್ತಿ.

ನಾನು ಹೇಳುತ್ತಿರುವುದು ಸದಾಶಿವಗಡದ ಬಗ್ಗೆ. ಯಲ್ಲಾಪುರ, ಅಂಕೋಲಾ ದಾಟಿ ಕಾರವಾರ ಸೇರಿ, ಕಾಳಿ ನದಿಯ ಸೇತುವೆ ದಾಟಿದರೆ ಸಿಗುವ ಪುಟ್ಟ ಗುಡ್ಡವಿದು. ಇಲ್ಲಿ ಸೋಂದೆಯ ಅರಸರು ಕೋಟೆ ಕಟ್ಟಿದರು. 1752ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದರು, ಮುಂದೆ ಹೈದರ್ ಅಲಿಯ ವಶವಾಯಿತು, 1783ರಲ್ಲಿ ಇಂಗ್ಲಿಷರ ಪಾಲಾಯಿತು. ಇಷ್ಟು ಸಣ್ಣ ಗುಡ್ಡಕ್ಕೆ ಅಷ್ಟೊಂದು ಹೊಡೆದಾಟ ಏಕೆ? ಅದು ಮೇಲೆ ನಿಂತಾಗ ತಿಳಿಯುತ್ತದೆ. ಕಾಳಿ ನದಿ ಅರಬ್ಬೀ ಸಮುದ್ರ ಸೇರುವ ಜಾಗ ಪೂರ್ತಿ ಕಣ್ಣ ಕೆಳಗಿರುತ್ತದೆ. ಒಳಗೆ ಬರುವ ಯಾವ ಹಡಗೂ ಇಲ್ಲಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ.

ಸಣ್ಣದೆಂದು ಹಗುರವಾಗಿ ತಿಳಿಯಬೇಡಿ. ಒಂದು ತಿಂಗಳು ಮೊದಲೇ ಅಭ್ಯಾಸ ಮಾಡಿ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟವಿದೆ, ಧಾರವಾಡದವರಿಗೆ ಕರ್ನಾಟಕ ವಿಶ್ವವಿದ್ಯಾಲಯದ ಏರು ದಾರಿಯಿದೆ. ಅದೂ ದೂರವಾದರೆ ಮನೆಯ ಮೆಟ್ಟಿಲೇ ಸಾಕು. ನೋವಿರುವ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ. ಇಳಿಯುವಾಗ ಮೈಭಾರವನ್ನು ತೊಡೆಯ ಸ್ನಾಯುಗಳು ತಡೆದು ಹಿಡಿಯಬೇಕು. ಕೂತೇ ಇದ್ದರೆ ಆ ಸ್ನಾಯುಗಳು ಸೊರಗುತ್ತವೆ, ನೋವೂ ಹೆಚ್ಚುತ್ತದೆ. ನಮ್ಮ ಮಹಿಳೆಯರು ದಿನವಿಡೀ ದುಡಿಯುತ್ತಾರೆ ನಿಜ, ಆದರೆ ಅಡುಗೆಮನೆಯಲ್ಲಿ ನಿಂತು ಮಾಡುವ ದುಡಿಮೆ ನಡಿಗೆಯಾಗುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕೇಳಿ. ಎದೆ ಬಿಗಿದರೆ ಅಲ್ಲೇ ಕುಳಿತುಬಿಡಿ. ಶಿಖರ ಮುಟ್ಟಲೇಬೇಕೆಂಬ ಹಟ ಬೇಡ.

ಮಳೆಗಾಲದಲ್ಲಿ ಕಲ್ಲುಗಳ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಹೊಸ ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ. ಬುರ್ಖಾ ನೆಲಕ್ಕೆ ತಾಗುವಷ್ಟು ಉದ್ದವಿದ್ದರೆ ಮುಳ್ಳಿಗೆ ಸಿಕ್ಕುತ್ತದೆ, ಇಳಿಯುವಾಗ ಕಾಲಿಗೂ ತೊಡರುತ್ತದೆ. ಹಿಂದಿನ ದಿನವೇ ಎರಡು ಬೆರಳು ಮಡಿಚಿ ಹೊಲಿಗೆ ಹಾಕಿಕೊಳ್ಳಿ. ನೀರಿನ ಬಾಟಲಿ ಮಕ್ಕಳು ಹೊರಲಿ.

ಮೇಲೆ ಹೋದಾಗ ಸೇತುವೆಯ ಕಡೆಗೂ ಒಮ್ಮೆ ನೋಡಿ. ಅಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಬದುಕಿಸಲಾಯಿತು. ಸೂರ್ಯಾಸ್ತ ನೋಡುವ ಆಸೆಗೆ ಮಗ್ರಿಬ್‌ವರೆಗೆ ಮೇಲೇ ಉಳಿಯಬೇಡಿ. ಕತ್ತಲಲ್ಲಿ ಸಡಿಲ ಕಲ್ಲುಗಳ ಮೇಲೆ ಇಳಿಯುವುದು ಎಳೆಯ ಕಾಲುಗಳಿಗೂ ಕಷ್ಟ.