ದೇಹದ ಚಿತ್ರಕ್ಕೆ ಕಬ್ಬಿಣದ ಕಣ

ಕಾಂತಬಲದಿಂದ ಶರೀರದ ಒಳಭಾಗಗಳ ಚಿತ್ರವನ್ನು ತೆಗೆಯತಕ್ಕ ಎಂ.ಆರ್.ಐ. ಯಂತ್ರವು ಇಂದು ಪಟ್ಟಣವಾಸಿಗಳಿಗೆ ಅಪರಿಚಿತವಾದುದಲ್ಲ. ಆದರೆ ಚಿತ್ರವು ಸ್ಫುಟವಾಗಲೆಂದು ರೋಗಿಯ ರಕ್ತನಾಳಕ್ಕೆ ಏರಿಸುವ ಔಷಧವು ಏನೆಂದು ವಿಚಾರಿಸುವವರು ವಿರಳ. ಬಹುಮಟ್ಟಿಗೆ ಅದು ಗ್ಯಾಡೋಲಿನಿಯಂ ಎಂಬ ಲೋಹದ್ದು. ದೇಹದ ನೀರಿನಲ್ಲಿರುವ ಜಲಜನಕದ ಪರಮಾಣುಬೀಜಗಳು ಯಂತ್ರದ ಪ್ರೇರಣೆಯಿಂದ ವಿಚಲಿತವಾಗಿ ಪೂರ್ವಸ್ಥಿತಿಗೆ ಮರಳುವ ವೇಗವನ್ನು ಈ ಲೋಹವು ಹೆಚ್ಚಿಸುವುದರಿಂದ, ಅದು ಸೇರಿದ ಭಾಗವು ಚಿತ್ರದಲ್ಲಿ ಬೆಳ್ಳಗೆ ತೋರುತ್ತದೆ.

ಲೋಹವು ಸ್ವತಃ ವಿಷ. ಆದಕಾರಣ ಅದನ್ನು ಬೇರೊಂದು ಅಣುವಿನ ಪಂಜರದೊಳಗೆ ಬಂಧಿಸಿ ಕೊಡುತ್ತಾರೆ. 1988ರಲ್ಲಿ ಬಳಕೆಗೆ ಬಂದ ಈ ಪದ್ಧತಿಯಿಂದ ಆದ ಉಪಕಾರವನ್ನು ನಾವು ಅಲ್ಲಗಳೆಯಲಾರೆವು. ಆದರೆ ಮೂತ್ರಪಿಂಡ ಕೆಟ್ಟವರಲ್ಲಿ ಔಷಧವು ಬೇಗನೆ ಹೊರಹೋಗದೆ, ಪಂಜರದಿಂದ ಲೋಹವು ಬಿಡುಗಡೆಯಾಗಿ, ಚರ್ಮವು ಗಡುಸಾಗಿ ಕೀಲುಗಳು ಬಿಗಿದುಹೋಗುವುದೆಂಬ ಸಂಶಯವು 2006ರಲ್ಲಿ ಯೂರೋಪಿನ ವೈದ್ಯರಿಂದ ಹೊರಬಿದ್ದಿತು. ಮೆದುಳಿನಲ್ಲಿಯೂ ಲೋಹದ ಶೇಷ ಉಳಿಯುವುದೆಂದು ತಿಳಿದ ಮೇಲೆ, 2017ರಲ್ಲಿ ಅಲ್ಲಿಯ ನಿಯಂತ್ರಕರು ಸಡಿಲ ಪಂಜರದ ಕೆಲವು ಔಷಧಗಳನ್ನು ತಡೆದರು. ಬಿಗಿಪಂಜರದ ಔಷಧಗಳಿಂದ ಚರ್ಮದ ಆ ವ್ಯಾಧಿ ಉಂಟಾಗುವುದು ಅತಿ ವಿರಳವೆಂಬುದನ್ನೂ ಹೇಳಬೇಕು.

ಹಾಗಾದರೆ ಬೇರೆ ಉಪಾಯವಿಲ್ಲವೆ? ಉಂಟು, ಅದು ಬಡವರ ಮನೆಯಲ್ಲಿಯೂ ಇರುವ ಕಬ್ಬಿಣವೇ. ಕಬ್ಬಿಣದ ಆಕ್ಸೈಡನ್ನು ನ್ಯಾನೋ ಕಣಗಳನ್ನಾಗಿ ಮಾಡುತ್ತಾರೆ. ಒಂದು ಮೀಟರಿನ ನೂರು ಕೋಟಿಯಲ್ಲೊಂದು ಪಾಲೇ ನ್ಯಾನೋಮೀಟರು. ಕಣಗಳ ಗಾತ್ರವು ಅಂತಹ ಕೆಲವು ಹತ್ತರಿಂದ ಒಂದೆರಡು ನೂರರಷ್ಟು. ಯಕೃತ್ತಿನ ಕಾವಲು ಜೀವಕೋಶಗಳು ಇವನ್ನು ನುಂಗಿದೊಡನೆ ಆರೋಗ್ಯವಂತ ಭಾಗವು ಚಿತ್ರದಲ್ಲಿ ಕಪ್ಪಾಗುತ್ತದೆ. ಅಂತಹ ಕೋಶಗಳಿಲ್ಲದ ಗಡ್ಡೆ ಮಾತ್ರ ಬೆಳ್ಳಗೆ ಉಳಿದು ತಾನಾಗಿಯೇ ಸಿಕ್ಕಿಬೀಳುತ್ತದೆ. ಕಾರ್ಯ ಮುಗಿದ ಕಣವು ಕರಗಿ, ದೇಹದ ಕಬ್ಬಿಣದ ಭಂಡಾರಕ್ಕೆ ಜಮೆಯಾಗಿ, ರಕ್ತದ ನಿರ್ಮಾಣಕ್ಕೆ ಒದಗುತ್ತದೆ.

ಇಂತಹ ಔಷಧವು ಅಮೆರಿಕದಲ್ಲಿ 1996ರಲ್ಲಿಯೇ ಅನುಮತಿ ಪಡೆದಿತ್ತು. ಬಳಕೆ ಅಲ್ಪವಾದುದರಿಂದ 2008ರಲ್ಲಿ ತಯಾರಕರು ಅದನ್ನು ನಿಲ್ಲಿಸಿಬಿಟ್ಟರು! ಗ್ಯಾಡೋಲಿನಿಯಮ್ಮಿನ ಮೇಲೆ ಸಂಶಯ ಬಿದ್ದು ಎರಡೇ ವರ್ಷವಾಗಿದ್ದಾಗ ಲೆಕ್ಕದ ಪುಸ್ತಕವು ರೋಗಿಯ ಅವಶ್ಯಕತೆಯನ್ನು ಮೀರಿದುದು ನಮಗೆ ಸರಿಯೆನಿಸದು. ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆಂದು 2009ರಲ್ಲಿ ಅಂಗೀಕೃತವಾದ ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ಔಷಧವನ್ನೇ ಅನಂತರ ಕೆಲವು ವೈದ್ಯರು ಚಿತ್ರಕ್ಕೂ ಉಪಯೋಗಿಸತೊಡಗಿದರು. ಅದೂ ನಿರಪಾಯಕರವಲ್ಲ. ತೀವ್ರ ಅಲರ್ಜಿಯಿಂದ ಮರಣಗಳಾದುದರಿಂದ 2015ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕಠಿಣ ಎಚ್ಚರಿಕೆಯನ್ನು ಹೊರಡಿಸಿದರು. ಅದರಂತೆ ಔಷಧವನ್ನು ಮೆಲ್ಲಗೆ ಹನಿಸಿ, ಮುಗಿದ ಮೇಲೆಯೂ ರೋಗಿಯನ್ನು ಕನಿಷ್ಠಪಕ್ಷ 30 ನಿಮಿಷ ಕಣ್ಣೆದುರಿಗೆ ಇರಿಸಿಕೊಳ್ಳಬೇಕು.