ತಾತನ ಯೆಜ್ಡಿಗೆ ಮೂವರು ವಾರಸುದಾರರು

ನಮ್ಮನೇಲಿ ಆಸ್ತಿ ಭಾಗ ಆದಾಗ ಗದ್ದೆ, ಮನೆ, ಒಡವೆ ಎಲ್ಲಾ ಲೆಕ್ಕಕ್ಕೆ ಬಂತು. ಲೆಕ್ಕಕ್ಕೆ ಬಾರದೆ ಉಳಿದಿದ್ದು ಕೊಟ್ಟಿಗೇಲಿ ಗೋಣಿಚೀಲ ಹೊದ್ದು ನಿಂತಿದ್ದ ತಾತನ 1974ರ ಯೆಜ್ಡಿ.

ಯೆಜ್ಡಿ ಅಂದ್ರೆ ನಮ್ಮ ಮೈಸೂರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ ಜೆಕ್ ಕಂಪನಿಯ ಲೈಸೆನ್ಸ್ ಮೇಲೆ ಮೊದಲು ಜಾವಾ ತಯಾರಿಸಿತು. 1973ರ ಹೊತ್ತಿಗೆ ಹೆಸರು ಯೆಜ್ಡಿ ಆಯ್ತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಒಂದೇ ಸಿಲಿಂಡರ್, ಆದ್ರೆ ಸೈಲೆನ್ಸರ್ ಎರಡು! ಕಿಕ್ಕರ್‌ಗೂ ಗೇರ್‌ಗೂ ಒಂದೇ ಲಿವರ್: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್, ಮುಂದಕ್ಕೆ ತಂದ್ರೆ ಗೇರ್. ಇಷ್ಟು ಚೆಂದದ ಡಿಸೈನ್ ನಾನು ಕೆಲಸ ಮಾಡೋ ಆಫೀಸಲ್ಲೂ ನೋಡಿಲ್ಲ.

ಹಿಂದೆ ಅದೇ ಕಾರ್ಖಾನೆಯಲ್ಲಿದ್ದ ಮೆಕ್ಯಾನಿಕ್ ಒಬ್ಬರು ಸಿಕ್ಕಿದ್ರು. ಟ್ಯಾಂಕಿನ ತುಕ್ಕು ತೆಗೆದು, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕೋಕೆ ಏಳು ತಿಂಗಳು. 6 ವೋಲ್ಟಿನ ಹೆಡ್‌ಲೈಟ್ ಮಾತ್ರ ಇವತ್ತಿಗೂ ಬುಡ್ಡಿದೀಪವೇ.

ನಿಜವಾದ ಕಷ್ಟ ಕಾಗದದ್ದು. ಆರ್‌ಸಿ ತೀರಿಹೋದ ತಾತನ ಹೆಸರಲ್ಲೇ ಇತ್ತು. ವಾರಸುದಾರರ ಹೆಸರಿಗೆ ಮಾಡಿಸೋಕೆ ಫಾರ್ಮ್ 31 ಕೊಡಬೇಕು, ಜೊತೆಗೆ ಉಳಿದ ವಾರಸುದಾರರ ಒಪ್ಪಿಗೆ. ಅಪ್ಪ, ಚಿಕ್ಕಪ್ಪ ಮಾತು ಬಿಟ್ಟು ಆರು ವರ್ಷ ಆಗಿತ್ತು. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿಯೂ ಉಂಟು, 2021ರ ನಿಯಮ. ಆದ್ರೆ ಅದನ್ನ ದಿನಬಳಕೆಗೆ ಓಡಿಸೋ ಹಾಗಿಲ್ಲ. ನಮಗೆ ಬೇಕಿದ್ದಿದ್ದು ಓಡೋ ಗಾಡಿ.

ಕಾಗದ ಹಿಡಿದು ಚಿಕ್ಕಪ್ಪನ ಮನೆಗೆ ನಾನೇ ಹೋದೆ.

"ಸೈನ್ ಆಮೇಲೆ ನೋಡೋಣ. ಮೊದ್ಲು ಸೌಂಡ್ ಕೇಳಿಸು ಮಗ" ಅಂದ್ರು.

ವೀಡಿಯೊ ತೋರಿಸಿದೆ, ಒಪ್ಪಲಿಲ್ಲ. ಭಾನುವಾರ ಖುದ್ದು ಬಂದ್ರು. ಎರಡೇ ಕಿಕ್ಕಿಗೆ ಸ್ಟಾರ್ಟ್ ಮಾಡಿ, ಹೊಗೆ ನಡುವೆ ನಿಂತು, "ಆಯಿಲ್ ಜಾಸ್ತಿ ಆಗಿದೆ ಕಣೋ ಅಣ್ಣ" ಅಂದ್ರು. ಆರು ವರ್ಷದ ನಂತರ ಅಪ್ಪನ ಜೊತೆ ಆಡಿದ ಮೊದಲ ಮಾತು ಅದು. ಅಪ್ಪ "ಇಲ್ಲ, ಸರಿಯಾಗೇ ಇದೆ" ಅಂತ ವಾದಕ್ಕಿಳಿದ್ರು. ಅಮ್ಮ ಒಳಗೆ ಹೋಗಿ ಇನ್ನೊಂದು ತಟ್ಟೆ ಹಾಕಿದ್ಲು.

ಈಗ ಗಾಡಿ ತಿಂಗಳಿಗೊಂದು ಮನೆ. ಕ್ಯಾಲೆಂಡರ್ ಶೇರ್ ಮಾಡಿದ ತಕ್ಷಣ ಮೊದಲ ತಿಂಗಳು ಬುಕ್ ಮಾಡಿದ್ದು ಅತ್ತೆ. ಹುಡುಗೀರು ಮುಟ್ಟಬಾರದು ಅಂತ ತಾತ ಬೀಗದಕೈ ಬಚ್ಚಿಡ್ತಿದ್ರಂತೆ. ಮುಂದಿನ ತಿಂಗಳು ಚಿಕ್ಕಪ್ಪನ ಸರದಿ. ಆಯಿಲ್ ಎಷ್ಟು ಹಾಕಬೇಕು ಅಂತ ಅಪ್ಪ ಈಗಲೇ ಟ್ಯಾಂಕಿಗೆ ಚೀಟಿ ಅಂಟಿಸಿದಾರೆ.